ಬಿಸಿಲಿಗೆ ಹಾಕಿದ ಹಲಗೆಗಳು

ಹೋದ ತಿಂಗಳು ರೇಣುಕಾ ಎಂಬ ಹೆಣ್ಣುಮಗಳು ಬಳ್ಳಾರಿ ಸತ್ಯನಾರಾಯಣಪೇಟೆಯ ನಮ್ಮ ಮನೆಗೆ ಬಂದಿದ್ದಳು. ರಾರಾವಿಯ ರೈತರ ಮನೆಯವಳು. ನಾನು ಮೂವತ್ತು ವರ್ಷ ದುಡಿದು ಬಿಟ್ಟುಬಂದ ಸಸ್ಯ ತಪಾಸಣೆಯ ಕಚೇರಿಗೆ ಈಗ ಹೊಸದಾಗಿ ಸೇರಿದ್ದಾಳೆ. ಚಹಾ ಕುಡಿದು, ಲೋಟ ಕೆಳಗಿಟ್ಟು, ಸಂಕೋಚದಿಂದಲೇ ಕೇಳಿದಳು:

"ಸರ್, ತಪ್ಪು ತಿಳಕೋಬ್ಯಾಡ್ರಿ. ಬಳ್ಳಾರ್ಯಾಗ ಹುಡುಕಿದ್ರೂ ಒಂದು ಪೈನ್ ಮರ ಸಿಗಾಂಗಿಲ್ಲ. ಪೈನ್ ಮರಕ್ಕ ಬೀಳೋ ದುಂಬಿ ಅಪಾಯ ಎಷ್ಟೈತಿ ಅಂತ ನಾವು ಇಲ್ಲಿ ಕುಂತು ಯಾಕ ಬರೀಬೇಕ್ರಿ?"

ಅದೇ ಪ್ರಶ್ನೆಯನ್ನು ಒಂದು ಕಾಲಕ್ಕೆ ನಾನೂ ಕೇಳಿ ನಕ್ಕಿದ್ದೆ. ಅಂದು ಅವಳಿಗೆ ಉತ್ತರ ಹೇಳಲಾಗಲಿಲ್ಲ. ನನ್ನ ಹೆಂಡತಿ ಗೌರಮ್ಮ ತೀರಿಕೊಂಡು ಹನ್ನೊಂದು ತಿಂಗಳಾಗಿತ್ತು. ಆ ದುಂಬಿಯ ಮಾತು ತೆಗೆದರೆ ಅವಳ ಮಾತು ಬರುತ್ತದೆ. "ಬರೆದು ಕೊಡ್ತೀನವ್ವ" ಎಂದೆ. ಬರೆದದ್ದು ಇದು.

ಕೆಲಸ ಏನೆಂದು ಮೊದಲು ಹೇಳುತ್ತೇನೆ. ಬಳ್ಳಾರಿ ಸೀಮೆಗೆ ಹೊರದೇಶದ ಯಂತ್ರಗಳು ಬರುತ್ತಲೇ ಇರುತ್ತವೆ. ಉಕ್ಕಿನ ಕಾರ್ಖಾನೆಗೆ, ಜೀನ್ಸ್ ಹೊಲಿಯುವ ಘಟಕಗಳಿಗೆ, ಸಿರುಗುಪ್ಪದ ಅಕ್ಕಿ ಗಿರಣಿಗಳಿಗೆ. ಅವು ಬರುವುದು ದಪ್ಪ ಹಲಗೆಯ ಪೆಟ್ಟಿಗೆಗಳಲ್ಲಿ, ಹಲಗೆ ಹೆಚ್ಚಾಗಿ ಪೈನ್ ಮರದ್ದು. ಕಳಿಸುವವರು ಆ ಹಲಗೆಯನ್ನು ಬಿಸಿ ಕೋಣೆಯಲ್ಲಿ ಕಾಯಿಸಬೇಕು. ನಡುವಿನ ತಿರುಳು ಐವತ್ತಾರು ಡಿಗ್ರಿಗೆ ಏರಿ ಅರ್ಧ ಗಂಟೆ ಅಲ್ಲೇ ನಿಲ್ಲಬೇಕು. ಹಾಗೆ ಕಾಯಿಸಿದ ಮೇಲೆ ಗೋಧಿ ತೆನೆಯ ಚಿತ್ರವಿರುವ ಮುದ್ರೆ ಒತ್ತಬೇಕು. ಬಂದರಿನಲ್ಲಿ ಮುದ್ರೆ ನೋಡುತ್ತಾರೆ. ಆದರೆ ಬರುವ ಪೆಟ್ಟಿಗೆಗಳ ರಾಶಿಯಲ್ಲಿ ಎಲ್ಲವನ್ನೂ ನೋಡಿ ಮುಗಿಸುವುದು ಯಾರಿಂದಲೂ ಆಗದು. ಅಲ್ಲಿ ಕಣ್ತಪ್ಪಿ ಬಂದದ್ದನ್ನು ಇಲ್ಲಿ ಹಿಡಿಯುವುದು ನನ್ನ ಕೆಲಸ.

ಕೈಯಲ್ಲಿ ಒಂದು ಸ್ಕ್ರೂಡ್ರೈವರ್, ಒಂದು ಬ್ಯಾಟರಿ, ಒಂದು ಭೂತಗನ್ನಡಿ. ಹಲಗೆಯ ಮೇಲೆ ತೂತು ಇದೆಯೇ, ಕೆಳಗೆ ಪುಡಿ ಉದುರಿದೆಯೇ, ತೊಗಟೆ ಉಳಿದಿದೆಯೇ ನೋಡಬೇಕು. ಸ್ಕ್ರೂಡ್ರೈವರಿನ ಹಿಡಿಯಿಂದ ಬಡಿದು ಕಿವಿ ಇಡಬೇಕು. ಒಳಗೆ ಪೊಳ್ಳಾಗಿದ್ದರೆ ಸದ್ದು ಬೇರೆ. ಕೊನೆಗೆ ಒಂದು ನಮೂನೆ ತುಂಬಬೇಕು. ಅದರಲ್ಲಿ ಮೂರು ಚೌಕ: ಕಡಿಮೆ, ಮಧ್ಯಮ, ಹೆಚ್ಚು. ಒಂದಕ್ಕೆ ಗುರುತು ಹಾಕಿ ರುಜು ಮಾಡಬೇಕು.

ನಮ್ಮ ಆಗಿನ ಅಧಿಕಾರಿ ವಿರೂಪಾಕ್ಷಪ್ಪನವರು ಒಳ್ಳೆಯ ಮನುಷ್ಯ, ಹಾಸ್ಯದವರು. ನಾನು ನಮೂನೆ ಹಿಡಿದು ಹೋದರೆ ಕನ್ನಡಕ ಹಣೆಗೇರಿಸಿ, "ಏನಪಾ ಬಸಣ್ಣ, ನಿನ್ನ ದುಂಬಿ ಇಲ್ಲಿ ಇಳಿದು ಏನ್ ತಿಂತೈತಿ? ಜಾಲಿ ಮುಳ್ಳು ತಿಂದು ಬಾಯಿ ಹರಕೊಂತೈತಿ. ಕಡಿಮೆ ಅಂತ ಹಾಕ್ಲೇ" ಎನ್ನುತ್ತಿದ್ದರು. ನಾನೂ ನಗುತ್ತಿದ್ದೆ, ಹಾಕುತ್ತಿದ್ದೆ.

ನಗು ನಿಂತದ್ದು ಒಂದು ತರಬೇತಿಯಲ್ಲಿ. ಅಲ್ಲಿ ಪರದೆಯ ಮೇಲೆ ಚಿತ್ರ ತೋರಿಸಿದರು. ಬೇರೊಂದು ದೇಶದ ಬೆಟ್ಟ, ಕಣ್ಣು ಹೋದಷ್ಟು ದೂರ ಪೈನ್ ಕಾಡು. ಮುಂದಿನ ಚಿತ್ರ ಅದೇ ಬೆಟ್ಟದ್ದು, ಪೂರ್ತಿ ಕೆಂಪು. ಬೆಂಕಿ ಬಿದ್ದದ್ದಲ್ಲ, ಮರಗಳು ನಿಂತಲ್ಲೇ ಸತ್ತಿದ್ದವು. ದುಂಬಿ ಮರವನ್ನು ತಿಂದು ಮುಗಿಸುವುದಿಲ್ಲವಂತೆ. ಅದು ತನ್ನ ಮೈಯೊಳಗೆ ನೂಲಿಗಿಂತ ಸಣ್ಣ ಹುಳುಗಳನ್ನು ಹೊತ್ತು ತರುತ್ತದೆ. ಎಳೆ ರೆಂಬೆಯನ್ನು ಕಚ್ಚಿದಾಗ ಅವು ಗಾಯದಿಂದ ಒಳಗಿಳಿಯುತ್ತವೆ. ಮರದೊಳಗೆ ನೀರು ಏರುವ ದಾರಿ ಮುಚ್ಚುತ್ತದೆ. ಒಂದೇ ಬೇಸಿಗೆಯಲ್ಲಿ, ಹೊರಗಿನಿಂದ ಒಂದು ಗೀರೂ ಕಾಣದೆ, ದೊಡ್ಡ ಮರ ಬಾಯಾರಿ ಸಾಯುತ್ತದೆ. ಎಲೆ ಕೆಂಪಾಗಿ ನಮಗೆ ಗೊತ್ತಾಗುವ ಹೊತ್ತಿಗೆ ದುಂಬಿ ಪಕ್ಕದ ಮರಕ್ಕೆ ಹೋಗಿರುತ್ತದೆ.

ಅಂದಿನಿಂದ ನನಗೆ ಭಯ ಹೊಕ್ಕಿತು. ಭಯ ಹೊಕ್ಕವನು ಮಾಡುವ ತಪ್ಪನ್ನು ಮೊದಲು ಮಾಡಿದೆ.

ಕೌಲ್ ಬಜಾರಿನ ಕಡೆ ಒಂದು ಜೀನ್ಸ್ ಘಟಕಕ್ಕೆ ಬಂದ ಪೆಟ್ಟಿಗೆಯ ಬುಡದಲ್ಲಿ ನುಣ್ಣನೆಯ ಹಳದಿ ಪುಡಿ ಕಂಡಿತು. ಪೆಟ್ಟಿಗೆ ಮುಟ್ಟಬೇಡಿ ಎಂದು ಸುತ್ತ ಹಗ್ಗ ಕಟ್ಟಿಸಿದೆ. "ಹೆಚ್ಚು" ಚೌಕಕ್ಕೆ ಗುರುತು ಹಾಕಿ, ಪುಡಿಯನ್ನು ಪೊಟ್ಟಣ ಕಟ್ಟಿ ಪರೀಕ್ಷೆಗೆ ಕಳಿಸಿದೆ. ಮೂರು ದಿನ ಯಂತ್ರ ಕಟ್ಟಿಹಾಕಿದಂತಾಯಿತು. ವರದಿ ಬಂತು: ಪುಟಾಣಿ ಹಿಟ್ಟು, ಅಂದರೆ ಹುರಿಗಡಲೆ ಪುಡಿ. ಪೆಟ್ಟಿಗೆ ಇಳಿಸಿದ ಹಮಾಲರು ಅದರ ಮೇಲೆ ಕೂತು ಒಗ್ಗರಣೆ ಮಂಡಕ್ಕಿ ತಿಂದಿದ್ದರು.

ಕಚೇರಿಯಲ್ಲಿ ಆರು ತಿಂಗಳು ನನಗೆ ಬೇರೆ ಹೆಸರಿರಲಿಲ್ಲ. ಜವಾನನೂ, "ಪುಟಾಣಿ ಸಾಹೇಬ್ರ, ಚಾ ತರ್ಲೇನ್ರಿ? ಜೊತಿಗೆ ಮಿರ್ಚಿ?" ಎನ್ನುತ್ತಿದ್ದ. ನಾನು ನಗೆಯಲ್ಲಿ ಸೇರಿಕೊಂಡೆ. ಆದರೆ ಒಳಗೊಂದು ಕೆಟ್ಟ ಕೆಲಸ ನಡೆದುಹೋಗಿತ್ತು. "ಹೆಚ್ಚು" ಎಂಬ ಚೌಕದ ಹತ್ತಿರ ಪೆನ್ನು ಹೋದರೆ ಕೈ ಹಿಂದೆ ಸರಿಯುತ್ತಿತ್ತು. ರೇಣುಕಾ, ಇದನ್ನು ನೆನಪಿಡು. ಹುಳುವಿಗಿಂತ ಮೊದಲು ನನ್ನನ್ನು ಕೊರೆದದ್ದು ಆ ನಗೆ.

ಮುಂದಿನ ಮೇ ತಿಂಗಳು. ಕುರುಗೋಡು ರಸ್ತೆಯ ಒಂದು ಗೋದಾಮಿನ ಅಂಗಳದಲ್ಲಿ ಯಂತ್ರ ತೆಗೆದು ಬಿಚ್ಚಿಟ್ಟ ಪೆಟ್ಟಿಗೆಯ ಹಲಗೆಗಳಿದ್ದವು, ಮೂವತ್ತೆರಡು. ಮುದ್ರೆ ಇತ್ತು, ಆದರೆ ಮಸಿ ಹರಡಿ ತೆನೆ ಯಾವುದು ಅಕ್ಷರ ಯಾವುದು ತಿಳಿಯುವಂತಿರಲಿಲ್ಲ. ಎರಡು ಹಲಗೆಯ ಅಂಚಿನಲ್ಲಿ ಉಗುರಗಲ ತೊಗಟೆ ಉಳಿದಿತ್ತು. ತೂತು ಕಾಣಲಿಲ್ಲ. ಪುಡಿ ಕಾಣಲಿಲ್ಲ. ವಿರೂಪಾಕ್ಷಪ್ಪ ಸಾಹೇಬರಿಗೆ ಫೋನ್ ಮಾಡಿದೆ.

"ಪುಟಾಣಿ ಐತೇನ್ಲೇ?" ಎಂದರು ಮೊದಲು. ಆಮೇಲೆ, "ಹತ್ತು ದಿನ ಬಿಸಿಲಿಗೆ ಹಾಕಿಸು. ಬಳ್ಳಾರಿ ಬಿಸಿಲಿಗಿಂತ ದೊಡ್ಡ ಭಟ್ಟಿ ಯಾವ ದೇಶದಾಗೈತಿ? ಕಬ್ಬಿಣಾನ ಕೈ ಸುಡತೈತಿ, ಹುಳ ಉಳಿತೈತೇನು?"

ಇದನ್ನು ಓದಿ ಬೇರೆ ಊರಿನವರು ನಗಬಹುದು. ಇಲ್ಲಿ ಯಾರೂ ನಗುವುದಿಲ್ಲ. ಬೇಳೆಗೆ ಹುಳ ಬಿದ್ದರೆ ಬಿಸಿಲು, ಹಾಸಿಗೆಗೆ ತಿಗಣೆ ಹತ್ತಿದರೆ ಬಿಸಿಲು, ಹಪ್ಪಳಕ್ಕೆ, ಮೆಣಸಿನಕಾಯಿಗೆ, ಒದ್ದೆ ಪುಸ್ತಕಕ್ಕೆ ಬಿಸಿಲು. ನಮ್ಮ ಊರಿನ ಮೇಲೆ ನಮಗಿರುವ ಒಂದೇ ಅಹಂಕಾರ ಅದು. ನನಗೂ ಅದು ಸರಿ ಎನಿಸಿತು. ಹಲಗೆಗಳನ್ನು ಅಂಗಳದಲ್ಲಿ ಹರವಿಸಿದೆ. ಹತ್ತನೆಯ ದಿನ ಮಧ್ಯಾಹ್ನ ಮುಟ್ಟಿದರೆ ಅಂಗೈ ಸುಟ್ಟಿತು. ಸಮಾಧಾನವಾಯಿತು.

ಆ ಸಂಜೆ ಮಾಳಿಗೆಯ ಮೇಲೆ ಗೌರಮ್ಮ ಹರವಿದ ಅಕ್ಕಿಯನ್ನು ಮೊರಕ್ಕೆ ತುಂಬುತ್ತಿದ್ದಳು. ನಾನು ಹಲಗೆಯ ಕತೆ ಹೇಳಿ, "ಒಲಿ ಬ್ಯಾಡ, ಕರೆಂಟ್ ಬ್ಯಾಡ. ಹುಳ ಇದ್ರೂ ಹುರಿದು ಹೋಗಿರ್ತೈತಿ" ಎಂದೆ.

ಅವಳು ತಲೆ ಎತ್ತಲಿಲ್ಲ. "ಹುಳ ಬಿಸಿಲಿಗೆ ಸಾಯ್ತಾವಂತ ಯಾರು ಹೇಳಿದ್ರು ನಿಮಗ?"

"ಮತ್ತ ನೀ ದಿನಾ ಹಾಕೂದು ಯಾಕ?"

"ಬಿಸಿಲಿಗೆ ಹಾಕಿದ್ರ ಎದ್ದು ನಡಕೊಂತ ನೆಳ್ಳಿಗೆ ಹೋಗ್ತಾವು. ಸಾಯೂದಿಲ್ಲ. ನೋಡ್ರಿಲ್ಲಿ." ಮೊರದ ನೆರಳು ಬಿದ್ದಲ್ಲಿ ಕಪ್ಪು ನುಸಿಗಳು ಸಾಲುಗಟ್ಟಿದ್ದವು. "ಸರ್ಕಾರ ನಿಮಗ ಭೂತಗನ್ನಡಿ ಕೊಟ್ಟೈತಿ, ನನಗ ಕೊಟ್ಟಿಲ್ಲ. ಆದ್ರೂ ನನಗ ಕಾಣತೈತಿ."

ನಕ್ಕು ಕೆಳಗಿಳಿದೆ. ಮರುದಿನ ನಮೂನೆಯಲ್ಲಿ ಬರೆದೆ: "ಹತ್ತು ದಿನ ತೀವ್ರ ಬಿಸಿಲಿನಲ್ಲಿ ಇಡಲಾಗಿದೆ. ಅಪಾಯ ಕಡಿಮೆ." ಹಲಗೆಯೊಳಗೆ ಇರುವ ದುಂಬಿ ಮರಿಗೆ ನೆರಳು ಎಂದರೆ ಎಲ್ಲಿ? ಇನ್ನೂ ಎರಡು ಬೆರಳು ಒಳಕ್ಕೆ. ಮೇಲ್ಮೈ ಸುಡುತ್ತಿರುವಾಗ ಅದು ತಿರುಳಿಗೆ ಸರಿದಿರುತ್ತದೆ, ರಾತ್ರಿ ತಂಪಾದಾಗ ಮತ್ತೆ ಊಟಕ್ಕೆ ಕೂತಿರುತ್ತದೆ. ಇದನ್ನು ಅವಳು ಒಂದೇ ಮಾತಿನಲ್ಲಿ ಹೇಳಿದ್ದಳು. ನಾನು ಕೇಳಲಿಲ್ಲ.

ಇಂಥ ಹಲಗೆ ಹಗುರ, ನೇರ, ಮೊಳೆ ಹೊಡೆಯಲು ಸುಲಭ. ಪರವಾನಗಿ ಸಿಕ್ಕ ಮೇಲೆ ಗೋದಾಮಿನವರು ಮಾರಿಬಿಡುತ್ತಾರೆ. ಇಪ್ಪತ್ತೇಳು ಹಲಗೆಯನ್ನು ಕುರುಗೋಡಿನ ಬಡಗಿ ಬ್ರಹ್ಮಯ್ಯ ಕೊಂಡ. ಐದನ್ನು ನಾನು ಕೊಂಡೆ. ಗೌರಮ್ಮನಿಗೆ ಮೊಣಕಾಲು ನೋವು, ನೆಲದ ಮೇಲೆ ಕೂತರೆ ಏಳಲು ಆಗುತ್ತಿರಲಿಲ್ಲ. ಬ್ರಹ್ಮಯ್ಯನ ಕೈಯಲ್ಲೇ ಒಂದು ಬೆಂಚು ಮಾಡಿಸಿ ಪಡಸಾಲೆಯಲ್ಲಿ ಹಾಕಿದೆ. ಅವಳ ಇಡೀ ದಿನ ಆ ಬೆಂಚಿನ ಮೇಲೆ ಕಳೆಯತೊಡಗಿತು. ಸೊಪ್ಪು ಸೋಸುವುದು, ಹೂ ಕಟ್ಟುವುದು, ಮಧ್ಯಾಹ್ನ ಅಡ್ಡಾಗುವುದು.

ಮರುವರ್ಷದ ಶ್ರಾವಣದಲ್ಲಿ ಒಂದು ಮಧ್ಯಾಹ್ನ ಊಟಕ್ಕೆ ಬಂದಾಗ ಅವಳು ಬೆಂಚಿಗೆ ಕಿವಿ ಹಚ್ಚಿ ಮಲಗಿದ್ದಳು. "ಏನ್ರಿ, ಇದರಾಗ ಯಾರೋ ಕೊಬ್ಬರಿ ತುರಿಯಾಕ ಹತ್ಯಾರ" ಎಂದಳು.

"ಕಟ್ಟಿಗಿ ಬಿರಿಯಾಕತ್ತೈತಿ. ಬಿಸಿಲಿಗೆ ಹಂಗಾಗ್ತೈತಿ."

"ಶ್ರಾವಣದಾಗ ಎಲ್ಲೀ ಬಿಸಿಲ್ರಿ?"

ನಾನೂ ಕಿವಿ ಇಟ್ಟೆ. ನನಗೆ ಕೇಳಿಸಲಿಲ್ಲ. ಕೇಳಿಸಲಿಲ್ಲವೋ, ಕೇಳಿಸಿಕೊಳ್ಳಲು ಮನಸ್ಸಿರಲಿಲ್ಲವೋ, ಈಗ ಹೇಳಲಾರೆ. ಮೂವತ್ತು ವರ್ಷ ಕಟ್ಟಿಗೆಗೆ ಕಿವಿ ಇಟ್ಟವನು ನಾನು. ದೀಪಾವಳಿಯವರೆಗೂ ಅವಳು ಆಗಾಗ ಹೇಳುತ್ತಿದ್ದಳು. ಆಮೇಲೆ ಹೇಳುವುದನ್ನು ಬಿಟ್ಟಳು.

ಮತ್ತೊಂದು ಬೇಸಿಗೆ ಬಂತು. ಭಾನುವಾರ ಮಧ್ಯಾಹ್ನ ಅವಳು ಅಡುಗೆಮನೆಯಿಂದ ಬಂದು ನಿಂತು, ಮೆಲ್ಲಗೆ, "ಇವ ಯಾರ್ರೀ?" ಎಂದಳು.

ಬೆಂಚಿನ ಮೇಲೆ ದುಂಬಿ ಕೂತಿತ್ತು. ಕಿರುಬೆರಳಿನ ಅರ್ಧದಷ್ಟು ಉದ್ದ, ಕಂದು ಮೈಮೇಲೆ ಬೂದಿ ಚುಕ್ಕೆ. ಮೀಸೆ ಮೈಗಿಂತ ಉದ್ದ. ಅವನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಆಡಿಸಿ ಗಾಳಿಯಲ್ಲಿ ಏನನ್ನೋ ಹುಡುಕುತ್ತಿತ್ತು. ಪಕ್ಕದಲ್ಲಿ ಪೆನ್ಸಿಲ್ ಹೋಗುವಷ್ಟು ದುಂಡನೆಯ ಹೊಸ ತೂತು. ತರಬೇತಿಯ ಪರದೆಯ ಮೇಲೆ ಕಂಡದ್ದು ನನ್ನ ಪಡಸಾಲೆಗೆ ಬಂದಿತ್ತು.

ಕೈಗೆ ಸಿಕ್ಕ ಸ್ಟೀಲ್ ಲೋಟವನ್ನು ಅದರ ಮೇಲೆ ಬೋರಲು ಹಾಕಿದೆ. ಒಳಗೆ ಅದು ಲೋಹವನ್ನು ಕೆರೆಯುವ ಸದ್ದು. ಗೌರಮ್ಮ "ನಾ ಹೇಳಿದ್ದೆ" ಎನ್ನಲಿಲ್ಲ. "ಒಂದ ಐತೇನ್ರಿ?" ಎಂದು ಕೇಳಿದಳು.

ಅದನ್ನೇ ನಾನು ಕೇಳಿಕೊಳ್ಳಲು ಹೆದರುತ್ತಿದ್ದೆ. ಬೆಂಚನ್ನು ಬೋರಲು ಮಾಡಿದೆ. ಅಡಿಯಲ್ಲಿ, ಗೋಡೆಯ ಕಡೆ, ಇನ್ನೊಂದು ತೂತು. ಅದರ ಬಾಯಿಗೆ ಜೇಡ ಬಲೆ ಕಟ್ಟಿತ್ತು. ಅಂದರೆ ಒಂದು ಯಾವಾಗಲೋ ಹೊರಟುಹೋಗಿತ್ತು. ಸತ್ಯನಾರಾಯಣಪೇಟೆಯಲ್ಲಿ ಅದಕ್ಕೆ ತಿನ್ನಲು ಏನೂ ಇಲ್ಲ, ಸತ್ತಿರುತ್ತದೆ. ಆದರೆ ಉಳಿದ ಇಪ್ಪತ್ತೇಳು ಹಲಗೆ?

ಸಂಜೆಯವರೆಗೆ ನಾನು ಆ ಲೋಟದ ಮುಂದೆ ಕೂತಿದ್ದೆ. ಯುವಕರು ಇದನ್ನು ತಿಳಿಯಬೇಕೆಂದೇ ಬರೆಯುತ್ತಿದ್ದೇನೆ. ನಿವೃತ್ತಿಗೆ ಎರಡು ವರ್ಷವಿತ್ತು. ನಮೂನೆಯಲ್ಲಿ ನನ್ನ ರುಜು ಇತ್ತು. ನಾನೇ ಬಿಟ್ಟ ಹಲಗೆ ನನ್ನದೇ ಮನೆಯಲ್ಲಿತ್ತು. ದುಂಬಿಯನ್ನು ಚಪ್ಪಲಿಯಲ್ಲಿ ಒರೆಸಿ, ಬೆಂಚನ್ನು ಒಲೆಗೆ ಹಾಕಿದರೆ ಮುಗಿಯುತ್ತಿತ್ತು. ನೋಡಿದವರು ನಾವಿಬ್ಬರೇ.

ಗೌರಮ್ಮ ದೀಪ ಹಚ್ಚಿ ಬಂದಳು. "ಲೋಟ ಎಷ್ಟೊತ್ತು ಕಾಯ್ತೀರಿ? ಅದೇನು ಮೊಟ್ಟಿ ಇಡತೈತೇನು? ಏಳ್ರಿ, ಹೋಗಿ ನಿಮ್ಮ ಆಫೀಸಿನ ಹೊಸ ಮೇಡಮ್ಮಗ ತೋರಸ್ರಿ."

"ನೌಕರಿಗೆ ಏನಾದ್ರೂ ಆದ್ರ?"

"ಆದ್ರ ಆಗಲಿ. ಕಾಡು ಯಾರದೋ ಏನೋ, ಹುಳಾ ಮಾತ್ರ ನಮ್ಮನೀದು."

ವಿರೂಪಾಕ್ಷಪ್ಪನವರು ಅಷ್ಟರಲ್ಲಿ ನಿವೃತ್ತರಾಗಿದ್ದರು. ಅವರ ಕುರ್ಚಿಗೆ ಬಂದ ಮೇಡಂ ಮೈಸೂರಿನ ಕಡೆಯವರು, ನನ್ನ ಅರ್ಧ ವಯಸ್ಸು. ಬಾಟಲಿಯಲ್ಲಿದ್ದ ದುಂಬಿಯನ್ನೂ ನನ್ನ ಹಳೆಯ ನಮೂನೆಯನ್ನೂ ಒಟ್ಟಿಗೆ ಮೇಜಿನ ಮೇಲಿಟ್ಟು ನೋಡಿದರು. ಬೈಯಲಿಲ್ಲ.

"ಬಸವರಾಜಪ್ಪನವರೇ, ಬಿಸಿಲಿಗೆ ಇಟ್ಟಾಗ ಹಲಗೆ ನಡುವೆ ತೂತು ಕೊರೆದು ತಾಪಮಾನ ನೋಡಿದ್ರಾ?"

"ಇಲ್ಲ ಮೇಡಂ. ಕೈ ಸುಟ್ಟಿತ್ತು."

"ಸುಟ್ಟಿದ್ದು ನಿಮ್ಮ ಕೈ" ಎಂದರು. ಆಮೇಲೆ, "ದುಂಬಿ ಇಳಿದ ಊರಲ್ಲಿ ಪೈನ್ ಇದೆಯಾ ಅಂತ ನೋಡಿದ್ದೀರಿ. ಹಲಗೆ ಮುಂದೆ ಯಾವ ಊರಿಗೆ ಹೋಗುತ್ತೆ ಅಂತ ನೋಡಿಲ್ಲ. ನಡೀರಿ, ಹುಡುಕೋಣ."

ರೇಣುಕಾ, ನಿನ್ನ ಪ್ರಶ್ನೆಗೆ ಉತ್ತರ ಅದು. ಬಳ್ಳಾರಿಯಲ್ಲಿ ಪೈನ್ ಇಲ್ಲ, ಆದರೆ ಬಳ್ಳಾರಿಯಿಂದ ಲಾರಿಗಳು ಹೊರಡುತ್ತವೆ.

ಕುರುಗೋಡಿನಲ್ಲಿ ಬ್ರಹ್ಮಯ್ಯ ಜೀಪು ನೋಡಿದವನೇ ಉಳಿ ಕೆಳಗಿಟ್ಟು, "ಏಂ ಸಾರ್, ಹುಳಾ ಹುಡುಕ್ಕೊಂತ ಕುರುಗೋಡಿಗೇ ಬಂದ್ರ್ಯಾ? ನನ್ನ ತಲ್ಯಾಗ ಬೇಕಾದಷ್ಟು ಅದಾವು, ಹಿಡೀರಿ" ಎಂದ. ನಾನು ಬಾಟಲಿ ತೋರಿಸಿದೆ. ಅವನ ನಗೆ ಇಳಿಯಿತು. ಒಂಬತ್ತು ಹಲಗೆ ಅದೇ ಬೀದಿಯ ಎರಡು ಅಂಗಡಿಗಳ ಕಪಾಟಾಗಿದ್ದವು. ಕಳಚಿಸಿ ತಂದೆವು. ಅಂಗಡಿಯವರು ಬೈದ ಬೈಗುಳ ಬರೆಯುವಂಥದ್ದಲ್ಲ. ಒಂದು ಹಲಗೆಯಲ್ಲಿ ಜೀವಂತ ಮರಿ ಇತ್ತು. ಬೆಣ್ಣೆಯ ಬಣ್ಣ, ಕಾಲಿಲ್ಲ, ಬಾಯಿ ಮಾತ್ರ ಕಪ್ಪು. ಬ್ರಹ್ಮಯ್ಯ ಅದನ್ನು ನೋಡಿ ಕೈಮುಗಿದು, "ನಾನು ಇದರ ಮ್ಯಾಲ ಉಳಿ ಹೊಡದೀನಿ ಸಾರ್. ತಿಳೀಲೇ ಇಲ್ಲ" ಎಂದ.

ಉಳಿದ ಹದಿನೆಂಟನ್ನು ಅವನು ಸಿರುಗುಪ್ಪದ ಒಂದು ಅಕ್ಕಿ ಗಿರಣಿಗೆ ಮಾರಿದ್ದ. ಕೆಂಚನಗುಡ್ಡದ ರಸ್ತೆಗೆ ಹತ್ತಿದ ಆ ಗಿರಣಿಯಲ್ಲಿ ಅಕ್ಕಿ ಮೂಟೆಗಳಿಗೆ ಒದ್ದೆ ತಾಗದಂತೆ ಅಡಿಗೆ ಹಲಗೆ ಹಾಕುತ್ತಾರೆ. ಲೋಡಿಂಗ್ ನೋಡಿಕೊಳ್ಳುವ ಖಾದರ್ ಸಾಬ್ ಒಂದೊಂದೇ ಮೂಟೆ ಎತ್ತಿಸಿದರು. ನಾನು ಎಣಿಸುತ್ತಾ ಹೋದೆ. ಹತ್ತು, ಹನ್ನೊಂದು, ಹನ್ನೆರಡು. ನೆಲ ಬಂತು.

"ಇನ್ನ ಆರು?" ಎಂದೆ.

ಖಾದರ್ ಸಾಬ್ ಗಡ್ಡ ಸವರಿಕೊಂಡರು. "ಹೋದ ವರ್ಷ ಮಳಿಗಾಲದಾಗ ಒಂದು ಲಾರಿ ತಮಿಳುನಾಡಿನ ಬೆಟ್ಟದ ಕಡಿ ಹೋತ್ರಿ. ಗಾಡಿ ತಳ ಸೋರತಿತ್ತು, ಮೂಟಿ ಅಡಿಗೆ ಆರು ಹಲಗಿ ಹಾಕಿ ಕಳಿಸಿದ್ವಿ. ಮಾಲು ಇಳಿಸಿದ ಮ್ಯಾಲ ಅಲ್ಲೇ ಯಾರಿಗೋ ಕೊಟ್ಟು ಬಂದಾನ ಡ್ರೈವರ್. ಕಟ್ಟಿಗಿ ತಾನೇ, ಯಾರು ಕೇಳ್ತಾರ ಅಂದಿದ್ದ."

"ಬೆಟ್ಟದಾಗ ಏನು ಮರ ಅದಾವ್ರಿ?"

"ನಾ ಹೋಗಿಲ್ಲ ಸಾಬ್. ಡ್ರೈವರ್ ಹೇಳ್ತಿದ್ದ, ಸೂಜಿ ಎಲಿ ಮರ ಅಂತ. ರಸ್ತೆ ತುಂಬ ವಾಸನಿ ಅಂತ."

ಸೂಜಿ ಎಲೆ ಎಂದರೆ ಪೈನ್. ಮೇಡಂ ಅಲ್ಲೇ ಮೂಟೆಯ ಮೇಲೆ ಕೂತುಬಿಟ್ಟರು.

ಸಿಕ್ಕ ಹಲಗೆಗಳನ್ನೆಲ್ಲ ಆ ಗಿರಣಿಯ ಬಾಯ್ಲರಿಗೆ ಹಾಕಿ ಸುಟ್ಟೆವು, ಗೌರಮ್ಮನ ಬೆಂಚನ್ನೂ. ಮೇಡಂ ಬೆಟ್ಟದ ಅರಣ್ಯದವರಿಗೆ ಬರೆದರು, ಡ್ರೈವರನನ್ನು ಕರೆದುಕೊಂಡು ನಾನೂ ಹೋಗಿಬಂದೆ. ಅವನು ಹಲಗೆ ಕೊಟ್ಟ ಚಹಾದಂಗಡಿಯೇ ಅಲ್ಲಿರಲಿಲ್ಲ, ರಸ್ತೆ ಅಗಲಿಸುವಾಗ ಕಿತ್ತು ಹಾಕಿದ್ದರು. ಅದರ ಹಿಂದೆಯೇ ಕಾಡು ಶುರು. ಮರಗಳು ಹಸಿರಾಗಿದ್ದವು. ಗಾಳಿ ಬೀಸಿದರೆ ಮಳೆ ಬಂದಂತೆ ಸದ್ದು. ಇಷ್ಟು ಚಂದದ ಜಾಗದಲ್ಲಿ ನನಗೆ ಅಷ್ಟು ಭಯವಾಗಿದ್ದು ಮತ್ತೆಲ್ಲೂ ಇಲ್ಲ. ಆರು ಹಲಗೆ ಸಿಗಲಿಲ್ಲ.

ನನಗೆ ಒಂದು ಮೆಮೊ ಕೊಟ್ಟರು. ಅದು ಏನೂ ಅಲ್ಲ. ಈಗ ನಮ್ಮ ಕಚೇರಿಯಲ್ಲಿ ಹಲಗೆಗೆ ಹಚ್ಚಿ ಒಳಗಿನ ಸದ್ದು ಕೇಳುವ ಯಂತ್ರವಿದೆ, ನಮೂನೆಯಲ್ಲಿ "ಹಲಗೆ ಮುಂದೆ ಎಲ್ಲಿಗೆ" ಎಂಬ ಸಾಲಿದೆ. ಆ ಸಾಲು ಸೇರಿದ್ದು ನನ್ನ ತಪ್ಪಿನಿಂದ.

ಅಂದಿನಿಂದ ಪ್ರತಿ ಬೇಸಿಗೆ ಮುಗಿದ ಮೇಲೆ ಆ ಬೆಟ್ಟದ ಅರಣ್ಯ ಕಚೇರಿಗೆ ಪತ್ರ ಬರೆಯುತ್ತೇನೆ, ಮರ ಹೇಗಿವೆ ಎಂದು. ಇಂಗ್ಲಿಷಿನಲ್ಲಿ ಎರಡು ಸಾಲು ಉತ್ತರ ಬರುತ್ತದೆ. ಗೌರಮ್ಮನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ನಾನು ಲಕೋಟೆ ಒಡೆಯುವಾಗ ನನ್ನ ಮುಖ ನೋಡುತ್ತಿದ್ದಳು. ನೋಡಿ, "ಹಸರ ಅದಾವಂತ, ಅಲ್ರಿ?" ಎನ್ನುತ್ತಿದ್ದಳು. ಅಂದು ಸಿಹಿಗೆ ಸಜ್ಜಕ ಮಾಡುತ್ತಿದ್ದಳು.

ಬೆಂಚು ಹೋದ ಮೇಲೆ ಪ್ಲಾಸ್ಟಿಕ್ ಕುರ್ಚಿ ತಂದುಕೊಟ್ಟಿದ್ದೆ. ಅವಳಿಗೆ ಅದು ಹಿಡಿಸಲಿಲ್ಲ, ಮತ್ತೆ ನೆಲಕ್ಕೇ ಕೂರುತ್ತಿದ್ದಳು. ಹೋದ ವರ್ಷ ಬೇಸಿಗೆಯಲ್ಲಿ ಮಾಳಿಗೆಯಿಂದ ಮೆಣಸಿನಕಾಯಿ ಬುಟ್ಟಿ ಇಳಿಸಿಕೊಂಡು ಬಂದು, ಮೆಟ್ಟಿಲ ಮೇಲೆ ಕೂತು, "ಎದಿ ಹಿಡದಂಗ ಆಗಾಕತ್ತೈತ್ರಿ. ಉಸಿರು ಸಾಲವಲ್ದು" ಎಂದಳು.

ನಾನು ಪತ್ರಿಕೆ ಓದುತ್ತಿದ್ದೆ. "ಬಿಸಿಲಿಗೆ ಹಂಗಾಗ್ತೈತಿ. ಮಜ್ಜಿಗಿ ಕುಡಿ" ಎಂದೆ.

ಕುಡಿದಳು. ಮೂರು ವಾರದಲ್ಲಿ ಇನ್ನೆರಡು ಸಲ ಹೇಳಿದಳು. ಆಮೇಲೆ, ಬೆಂಚಿನ ಸದ್ದಿನ ಹಾಗೆ, ಹೇಳುವುದನ್ನು ಬಿಟ್ಟಳು. ಡಾಕ್ಟರು ಕೊನೆಗೆ ಹೇಳಿದ್ದು, ಒಳಗೆ ರಕ್ತ ಹರಿಯುವ ದಾರಿ ಬಹಳ ದಿನದಿಂದ ಮುಚ್ಚುತ್ತಾ ಬಂದಿತ್ತು ಎಂದು.

ಇಲ್ಲಿಯವರೆಗೆ ಬರೆದು ಒಂದು ವಾರ ನಿಲ್ಲಿಸಿದ್ದೆ. ನಿನ್ನೆ ಅಂಚೆಯವನು ಬೆಟ್ಟದ ಪತ್ರ ಕೊಟ್ಟುಹೋದ. ಒಡೆಯುವಾಗ ಎದುರಿಗೆ ಮುಖ ನೋಡುವವರು ಯಾರೂ ಇರಲಿಲ್ಲ. ಈ ಸಲ ನಾಲ್ಕು ಸಾಲಿತ್ತು. ರಸ್ತೆಯ ತಿರುವಿನ ಮೇಲ್ಗಡೆ, ಹಳೆಯ ಚಹಾದಂಗಡಿಯ ಜಾಗಕ್ಕೆ ಸ್ವಲ್ಪ ದೂರದಲ್ಲಿ, ಎರಡು ಪೈನ್ ಮರದ ತುದಿ ಕೆಂಪಾಗಿದೆಯಂತೆ. ಈ ವರ್ಷ ಬೆಟ್ಟದಲ್ಲೂ ಸೆಕೆ ಹೆಚ್ಚು. ಕೊನೆಯ ಸಾಲು ಇದು: "ಬಿಸಿಲಿಗೆ ಹಾಗಾಗಿರಬಹುದು ಎಂದು ನಮ್ಮ ಅಂದಾಜು."

ಕೂಡಲೇ ಅಲ್ಲಿಗೆ ಫೋನ್ ಮಾಡಿದೆ. ಎತ್ತಿದವರಿಗೆ ನನ್ನ ಹರಕು ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟೇ: ದಯವಿಟ್ಟು ಬಿಸಿಲು ಎಂದು ಬರೆಯಬೇಡಿ. ಬುಡದಲ್ಲಿ ಪುಡಿ ನೋಡಿ. ತೂತು ನೋಡಿ. ಮರಕ್ಕೆ ಕಿವಿ ಹಚ್ಚಿ. ಆ ಕಡೆಯವರು ನೀವು ಬರುತ್ತೀರಾ ಎಂದು ಕೇಳಿದರು.

ರೇಣುಕಾಗೆ ತಿಳಿಸಿದ್ದೇನೆ. ಮೇಡಂ ಒಪ್ಪಿ ಅವಳನ್ನು ಆ ಸದ್ದು ಕೇಳುವ ಯಂತ್ರದೊಡನೆ ಕಳಿಸುತ್ತಿದ್ದಾರೆ. ಇಬ್ಬರಿಗೂ ನಾಳೆ ಬೆಳಗಿನ ಬಸ್ಸು. ನಾನು ಚೀಲಕ್ಕೆ ಹಳೆಯ ಸ್ಕ್ರೂಡ್ರೈವರ್, ಭೂತಗನ್ನಡಿ, ಮತ್ತು ಆ ದಿನ ದುಂಬಿಯ ಮೇಲೆ ಮುಚ್ಚಿದ್ದ ಸ್ಟೀಲ್ ಲೋಟ ಇಟ್ಟುಕೊಂಡಿದ್ದೇನೆ. ಅಲ್ಲಿ ಏನೂ ಸಿಗದಿರಲಿ ಎಂದು ಬೇಡಿಕೊಳ್ಳುತ್ತೇನೆ. ಆದರೆ ನಮೂನೆಯನ್ನು ನಿನ್ನೆಯೇ ತುಂಬಿದೆ. ನನ್ನ ರುಜುವಿಗೆ ಈಗ ಬೆಲೆಯಿಲ್ಲ, ಆದರೂ ಮಾಡಿದೆ. "ಹೆಚ್ಚು" ಎಂಬ ಮೂರನೆಯ ಚೌಕಕ್ಕೆ ಗುರುತು ಹಾಕುವಾಗ ಕೈ ಹಿಂದೆ ಸರಿಯಲಿಲ್ಲ.